ಹಲ್ಲಿನ ಚೀಟಿ ಚೀಲದಲ್ಲೇ ಉಳಿಯುತ್ತೆ, ಏನು ಮಾಡೋಣ?

ಹುನಗುಂದ ಕಡೆಯ ಮೇಷ್ಟ್ರು:

ನಾನು ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಮೇಷ್ಟ್ರು. ವರ್ಷಕ್ಕೊಂದು ಸಲ ಆರ್‌ಬಿಎಸ್‌ಕೆ, ಅಂದರೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮದ ತಂಡದ ಗಾಡಿ ಬರುತ್ತೆ. ತೂಕ, ಎತ್ತರ, ಕಣ್ಣು, ಕಿವಿ, ಹಲ್ಲು ಎಲ್ಲ ನೋಡುತ್ತಾರೆ. ಹಲ್ಲು ಹುಳುಕಾಗಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದು ಕೊಡುತ್ತಾರೆ. ಅವರ ಮೇಲೆ ನನ್ನ ದೂರಿಲ್ಲ.

ಈ ಸಲ ನನ್ನ ನಾಲ್ಕನೇ ತರಗತಿಯ 31 ಮಕ್ಕಳಲ್ಲಿ 14 ಮಂದಿಗೆ ಹಲ್ಲಿನ ಚೀಟಿ ಬಂತು. ಎರಡು ತಿಂಗಳು ಬಿಟ್ಟು ವಿಚಾರಿಸಿದೆ. ಆಸ್ಪತ್ರೆ ಮೆಟ್ಟಿಲು ಹತ್ತಿದವರು ಇಬ್ಬರು. ಒಬ್ಬಳ ಚೀಟಿ ಕನ್ನಡ ಪುಸ್ತಕದಲ್ಲಿ ಪುಟದ ಗುರುತಿಗೆ ಕೂತಿತ್ತು. ಇನ್ನೊಬ್ಬನದು ಚೀಲದ ತಳದಲ್ಲಿ ಹುಣಸೆ ಬೀಜದ ಜೊತೆ ಮುದ್ದೆಯಾಗಿ ಸಿಕ್ಕಿತು. ಅವನ ಅವ್ವನನ್ನು ಕೇಳಿದೆ. "ಹಾಲಹಲ್ಲು ಅದಾವ್ರಿ ಸರ್, ಬಿದ್ದು ಮತ್ತ ಬರ್ತಾವಲ್ರಿ" ಅಂದರು. ಹಾಲುಹಲ್ಲಿಗೋಸ್ಕರ ಒಂದು ದಿನದ ಕೂಲಿ ಯಾರು ಬಿಡುತ್ತಾರೆ? ನನಗೂ ಹೌದಲ್ವಾ ಅನಿಸಿತು.

ಇನ್ನೊಂದು ಸಂಕಟ. ನಮ್ಮೂರ ಮಕ್ಕಳ ಮುಂದಿನ ಹಲ್ಲಿನ ಮೇಲೆ ಕಂದು ಗೆರೆ. ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬೋರ್ ನೀರಿನ ಫ್ಲೋರೈಡ್ ಅಂತ ಊರಿಗೆಲ್ಲ ಗೊತ್ತು. ಆದರೂ ಮೊದಮೊದಲು ನಾನು "ಸರಿಯಾಗಿ ಉಜ್ಜು" ಅಂತ ಬೈಯುತ್ತಿದ್ದೆ. ಒಬ್ಬಳು ಇಟ್ಟಿಗೆ ಪುಡಿ ಹಾಕಿ ಉಜ್ಜಿ, ಒಸಡು ಕೆತ್ತಿಕೊಂಡು ಬಂದಳು. ಅವತ್ತಿಂದ ಬೈಯುವುದು ಬಿಟ್ಟೆ.

ಈ ಚೀಟಿ ಆಸ್ಪತ್ರೆವರೆಗೆ ಹೋಗೋ ಹಾಗೆ ಯಾರಾದರೂ ಮಾಡಿದ್ದೀರಾ? ಮತ್ತೆ ಈ ಕಂದು ಕಲೆಗೆ ಏನಾದರೂ ದಾರಿ ಇದೆಯಾ?

ತಾಲ್ಲೂಕು ಆಸ್ಪತ್ರೆ ದಂತ ವೈದ್ಯೆ:

ಸರ್, ನಾನು ಬೆಳಗಾವಿಯಲ್ಲಿ ಓದಿ ಈಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ನಿಮ್ಮ ಚೀಟಿಗಳು ಬಂದು ಮುಟ್ಟದೇ ಇರೋದನ್ನ ನಾನು ಆ ಕಡೆಯಿಂದ ನೋಡುತ್ತೇನೆ.

ಮೊದಲು ಹಾಲುಹಲ್ಲಿನ ಮಾತು. ಆರು ವರ್ಷಕ್ಕೆ ಬಾಯಿಯ ಹಿಂದುಗಡೆ ಒಂದು ದೊಡ್ಡ ದವಡೆ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೆ ಸುಮ್ನೆ ಹುಟ್ಟುತ್ತೆ. ಅದಕ್ಕೇ ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಖಾಯಂ ಹಲ್ಲು, ಹೋದರೆ ಮತ್ತೆ ಬರಲ್ಲ. ನಿಮ್ಮ 14 ಚೀಟಿಗಳಲ್ಲಿ ಸುಮಾರು ಈ ಹಲ್ಲಿನವೇ ಇರುತ್ತವೆ, ಬೇಕಾದರೆ ನೋಡಿ. ನನ್ನ ಹತ್ತಿರ ಬರುವಾಗ ಮಗುವಿಗೆ ಹನ್ನೆರಡು ವರ್ಷ, ಹಲ್ಲಿನ ಜಾಗದಲ್ಲಿ ಬೇರು ಮಾತ್ರ. ಕೀಳೋದು ಬಿಟ್ಟು ನಾನೇನು ಮಾಡಲಿ?

ಈ ಹಲ್ಲು ಹೊಸದಾಗಿ ಬಂದಾಗಲೇ ಮೇಲಿನ ಸಣ್ಣ ಗೀರುಗಳನ್ನು ತುಂಬಿಬಿಟ್ಟರೆ ಹುಳುಕು ತಡೆಯಬಹುದು. ಸೀಲೆಂಟ್ ಅಂತಾರೆ. ನೋವಿಲ್ಲ, ಕೊರೆಯೋದಿಲ್ಲ. ಅಮೆರಿಕದ ಎಷ್ಟೋ ರಾಜ್ಯಗಳು ಇದನ್ನು ಶಾಲೆಗೇ ಹೋಗಿ ಹಾಕುತ್ತವೆ. ಎರಡು ವರ್ಷದ ಮಟ್ಟಿಗೆ ಹಿಂದಿನ ಹಲ್ಲುಗಳ ಶೇ 80ರಷ್ಟು ಹುಳುಕು ತಪ್ಪುತ್ತೆ ಅನ್ನೋದು ಅಲ್ಲಿನ ಲೆಕ್ಕ. ಸೀಲೆಂಟ್ ಹಾಕಿಸೋಕೆ ಅಲ್ಲಿ ಚೀಟಿ ಹಿಡಿದು ಹೋಗಬೇಕಿಲ್ಲ ನೋಡಿ, ಆ ಕೆಲಸ ಶಾಲೆಯಲ್ಲೇ ಮುಗಿಯುತ್ತೆ.

ಕಂದು ಕಲೆ ಬೇರೆ ಕಥೆ. ಫ್ಲೋರೈಡ್ ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೇದು, ಜಾಸ್ತಿಯಾದರೆ ಕಲೆ. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಲು ಶುರು ಮಾಡಿದರು, ಹುಳುಕು ಕಡಿಮೆಯಾಗಲಿ ಅಂತ. 2015ರಲ್ಲಿ ಅಲ್ಲಿ ಲೀಟರಿಗೆ 0.7 ಮಿ.ಗ್ರಾಂ ಸಾಕು ಅಂದರು. ನಮ್ಮಲ್ಲಿ 1.5 ದಾಟಬಾರದು, ಹುನಗುಂದದ ಎಷ್ಟೋ ಬೋರ್‌ಗಳಲ್ಲಿ ದಾಟಿದೆ. ಅವರಿಗೆ ಬೆರೆಸೋ ಚಿಂತೆ, ನಮಗೆ ತೆಗೆಯೋ ಚಿಂತೆ.

ಈ ಕಲೆ ಬಿದ್ದಿರೋದು ಹಲ್ಲು ಒಸಡಿನೊಳಗೆ ತಯಾರಾಗುವಾಗ, ಚಿಕ್ಕಂದಿನಲ್ಲಿ ಕುಡಿದ ನೀರಿನಿಂದ. ಇಟ್ಟಿಗೆ ಪುಡಿಯಲ್ಲ, ಏನು ಹಾಕಿ ಉಜ್ಜಿದರೂ ಹೋಗಲ್ಲ. ಮುಂದೆ ದಂತ ವೈದ್ಯರ ಹತ್ತಿರ ತಿಳಿ ಮಾಡಿಸಬಹುದು, ಇಲ್ಲವೇ ಮೇಲೆ ತೆಳ್ಳಗೆ ಮುಚ್ಚಿಸಬಹುದು. ಇವತ್ತು ನೀರು ಬದಲಾಯಿಸಿದರೆ ಲಾಭ ಆ ಹುಡುಗಿಗಲ್ಲ, ಮನೆಯಲ್ಲಿರೋ ಅವಳ ಪುಟ್ಟ ತಮ್ಮನಿಗೆ. ಹಾಂ, ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತೆ ಅಷ್ಟೇ.

ಸಿಂದಗಿ ಕಡೆಯವ:

ಮೇಷ್ಟ್ರೇ, ಸರ್ಕಾರದ ಹಲ್ಲಿನ ಯೋಜನೆ ಕೊನೆವರೆಗೂ ನಡೆದದ್ದನ್ನು ನಾನು ನಮ್ಮ ಅವ್ವನ ಬಾಯಲ್ಲೇ ನೋಡಿದ್ದೇನೆ. ದಂತ ಭಾಗ್ಯ ಅಂತ ಇದೆ. ಬಿಪಿಎಲ್ ಕಾರ್ಡ್ ಇರೋ ವಯಸ್ಸಾದವರಿಗೆ ಹಲ್ಲಿನ ಸೆಟ್ಟು ಪುಕ್ಕಟೆ, ದಂತ ಕಾಲೇಜುಗಳ ಮೂಲಕ.

ಆದರೆ ಒಂದೇ ಸಲಕ್ಕೆ ಆಗಲ್ಲ. ಅಳತೆ, ಮೇಣದ ಹಲ್ಲು, ತಿದ್ದೋದು ಅಂತ ಐದು ಸಲ ವಿಜಯಪುರಕ್ಕೆ ಹೋದೆವು. ಹೋಗೋಕೇ ಸುಮಾರು 60 ಕಿ.ಮೀ. 2023ರಿಂದ ಹೆಂಗಸರಿಗೆ ಬಸ್ಸು ಉಚಿತ, ಹಾಗಾಗಿ ಅವ್ವನಿಗೆ ಟಿಕೆಟ್ ಇಲ್ಲ, ನನಗೆ ಮಾತ್ರ. ನಮ್ಮೂರ ಒಬ್ಬ ಕಾಕಾ ಎರಡೇ ಸಲ ಹೋಗಿ ಬಿಟ್ಟರು. ಬಸ್ ಚಾರ್ಜಿಗೇ ಸೋತರು. ಹಲ್ಲಿನ ಯೋಜನೆ ಬಸ್ಸಿನ ಮೇಲೆ ನಿಂತಿದೆ ಅಂತ ಮೇಲೆ ಕೂತವರಿಗೆ ಹೊಳೆಯುತ್ತೋ ಇಲ್ಲವೋ.

ಅವ್ವ ಮೊದಲ ಹದಿನೈದು ದಿನ ಸೆಟ್ಟನ್ನು ಸ್ಟೀಲ್ ಲೋಟದ ನೀರಲ್ಲಿ ಇಟ್ಟು, ಬಂದವರಿಗೆಲ್ಲ ತೋರಿಸಿದಳು. ಹಾಕಿಕೊಳ್ಳಲಿಲ್ಲ. "ಬಾಯಾಗ ಬ್ಯಾರೇದವ್ರು ಬಂದು ಕುಂತಂಗ ಆಗ್ತೈತಿ" ಅಂದಳು. ನಾವು ತಿದ್ದಿಸಿಕೊಂಡು ಬಂದೆವು. ಈಗ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ತಿನ್ನುತ್ತಾಳೆ. ಖಡಕ್ ರೊಟ್ಟಿ ಬೇಡ ಅಂದಿದ್ದಾರೆ ಡಾಕ್ಟ್ರು. ಅದನ್ನೂ ಕದ್ದು ತಿನ್ನುತ್ತಾಳೆ, ಕರಕರ ಸದ್ದಿಗೆ ಸಿಕ್ಕಿಬೀಳುತ್ತಾಳೆ.

ನಿಪ್ಪಾಣಿ ಆಶಾ ಕಾರ್ಯಕರ್ತೆ:

ಸರ್, ನಮ್ಮದು ತಂಬಾಕು ಬೆಳೆಯೋ ಸೀಮೆ. ಹೆಂಗಸರು ಬೆಳಿಗ್ಗೆ ಎದ್ದು ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಹಲ್ಲಿಗೆ ಹಚ್ಚುತ್ತಾರೆ, ಹಲ್ಲು ಸ್ವಚ್ಛ ಆಗುತ್ತೆ ಅಂತ. ಬಾಯಿ ಕ್ಯಾನ್ಸರ್ ಲಕ್ಷಣ ಇದೆಯಾ ಅಂತ 30 ದಾಟಿದವರ ಬಾಯಿ ನೋಡೋದು ಈಗ ನಮ್ಮ ತಪಾಸಣೆಯಲ್ಲಿ ಸೇರಿದೆ. ನಾನು ಅವರದೇ ಮೂರು ಬೆರಳು ನೆಟ್ಟಗೆ ಬಾಯಲ್ಲಿ ಹಿಡಿಸಿ ನೋಡುತ್ತೇನೆ. ಬಾಯಿ ಅಷ್ಟು ತೆರೆಯದಿದ್ದರೆ ಆಸ್ಪತ್ರೆಗೆ ಕಳಿಸುತ್ತೇನೆ. ಗುಟ್ಕಾ 2013ರಲ್ಲೇ ನಿಷೇಧ ಆಯ್ತು, ಅಂಗಡಿಯಲ್ಲಿ ಈಗ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಕಲಸೋ ಕೆಲಸ ಗಿರಾಕಿದು.

ನಿಮ್ಮ ಚೀಟಿಗೆ ಒಂದು ಮಾತು. ಚೀಟಿ ಮಗುವಿನ ಕೈಗೆ ಕೊಡಬೇಡಿ. ನಿಮ್ಮೂರ ಆಶಾ ಕೈಗೆ ಹೆಸರಿನ ಪಟ್ಟಿ ಕೊಡಿ. ಹೇಗಿದ್ದರೂ ಗರ್ಭಿಣಿಯರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುತ್ತಲೇ ಇರುತ್ತೇವೆ. ಜೊತೆಗೆ ನಾಲ್ಕು ಮಕ್ಕಳು ನಮಗೆ ಭಾರ ಅಲ್ಲ.

ಹುನಗುಂದ ಕಡೆಯ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನೀವು ಹೇಳಿದ ಮೇಲೆ ಒಂದು ಕನ್ನಡಿ, ಮೊಬೈಲ್ ಟಾರ್ಚ್ ಹಿಡಿದು ಮಕ್ಕಳಿಗೇ ಆ ದವಡೆ ಹಲ್ಲು ಹುಡುಕಿಸಿದೆ. 14ರಲ್ಲಿ 11 ಚೀಟಿ ಅದೇ ಹಲ್ಲಿನವು. ಪಾಲಕರ ಸಭೆಯಲ್ಲಿ ಆ ಕನ್ನಡಿ ಅವ್ವಂದಿರ ಕೈಗೆ ಕೊಟ್ಟೆ. ಹುಣಸೆ ಬೀಜದ ಹುಡುಗನ ಅವ್ವ ಅವನ ಬಾಯಿ ಅಗಲಿಸಿ ನೋಡಿ, "ಇದು ಯಾವಾಗ ಬಂತೋ?" ಅಂತ ಅವನನ್ನೇ ಕೇಳಿದರು.

ನಮ್ಮೂರ ಆಶಾ ಅಕ್ಕನ ಜೊತೆ ಗುರುವಾರ ಐದು ಮಕ್ಕಳು ಹೋಗುತ್ತಿದ್ದಾರೆ, ಮುಂದಿನ ವಾರ ಉಳಿದವರು. ನೀರಿನ ಕೆಲಸ ಮಾತ್ರ ಅಲ್ಲೇ ನಿಂತಿದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಾಲ್ಕು ತಿಂಗಳು. ಕಾಯಿನ್ ಹಾಕೋ ತೂತಿನಲ್ಲಿ ಈಗ ಕಣಜ ಗೂಡು ಕಟ್ಟಿದೆ. ಆ ಫೋಟೊ ತೆಗೆದು ಅರ್ಜಿಗೆ ಅಂಟಿಸಿ ನಿನ್ನೆ ಕೊಟ್ಟು ಬಂದೆ.