ಸಹಾಯ ಬೇಕು: ಡ್ರಮ್ ಕಿಟ್‌ಗೆ ಇನ್ನೆರಡು ಪ್ಯಾಡ್

ನಮಸ್ಕಾರ, ನಾನು ಕಲಬುರಗಿಯವನು. ನಮ್ಮ ತತ್ವಪದ ತಂಡದಲ್ಲಿ ಅಲೆಸಿಸ್ ನೈಟ್ರೊ ಎಂಬ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ನುಡಿಸುತ್ತೇನೆ. ಅದರ ಮಾಡ್ಯೂಲ್‌ನಲ್ಲಿ (ಸದ್ದು ಹೊರಡಿಸುವ ಪೆಟ್ಟಿಗೆ) ‘ಟಾಮ್ 4’ (ನಾಲ್ಕನೇ ಟಾಮ್ ಡ್ರಮ್), ‘ಕ್ರ್ಯಾಶ್ 2’ (ಎರಡನೇ ಕ್ರ್ಯಾಶ್ ಸಿಂಬಲ್) ಎಂಬ ಎರಡು ಜಾಕ್ ಖಾಲಿ ಇವೆ. ಕ್ರ್ಯಾಶ್ ಚಿಂತೆಯಿಲ್ಲ, ಸಿಂಬಲ್ ಪ್ಯಾಡ್ ತಂದು ಚುಚ್ಚಿದರಾಯಿತು.

ಟಾಮ್ 4ಕ್ಕೆ ಹಲಗೆ ವಾದ್ಯದ ಸದ್ದು ಕೊಡಬೇಕು. ಯುಎಸ್‌ಬಿ ಮಿಡಿಯಿಂದ (ಬಾರಿಸಿದ್ದರ ಸಂಕೇತ ಕಂಪ್ಯೂಟರ್‌ಗೆ ಕಳಿಸುವ ದಾರಿ) ಲ್ಯಾಪ್‌ಟಾಪ್‌ಗೆ ಹಾಕಿ, ನಾವೇ ರೆಕಾರ್ಡ್ ಮಾಡಿದ ಪೆಟ್ಟು ಕೂರಿಸುವ ಆಸೆ. ಹಲಗೆ ಇಲ್ಲದ ತತ್ವಪದ ನನಗಂತೂ ಸಪ್ಪೆ. ಇದಕ್ಕೆ ಬೇರೆ ಕಂಪನಿಯ ಪೀಜೊ ಪ್ಯಾಡ್ (ಪೆಟ್ಟಿನ ಅದುರನ್ನು ವಿದ್ಯುತ್ ಸಂಕೇತ ಮಾಡುವ ಪ್ಯಾಡ್) ನಡೆಯುತ್ತಾ?

ಇನ್ನೊಂದು ಭಯ ಕ್ರಾಸ್‌ಟಾಕ್. ಒಂದೇ ರ‍್ಯಾಕ್‌ಗೆ ಬಿಗಿದರೆ ಅದುರಿ ಪಕ್ಕದ ಪ್ಯಾಡೂ ಕೂಗುತ್ತದೆ ಅಲ್ವಾ? ಥ್ರೆಶೋಲ್ಡ್ (ಎಷ್ಟು ಜೋರಾಗಿ ಬಾರಿಸಿದರೆ ಸದ್ದು ಬರಬೇಕೆಂಬ ಮಿತಿ) ಜಾಸ್ತಿ ಮಾಡಿದರೆ ಮೆಲ್ಲನೆ ಬಾರಿಸಿದ್ದು ಕೇಳುವುದೇ ಇಲ್ಲ. ಬೇರೆ ಸ್ಟ್ಯಾಂಡ್ ಹಾಕುವುದೇ ವಾಸಿಯಾ?

ಶರಣಬಸವೇಶ್ವರ ಜಾತ್ರೆಗೆ ಮುಂಚೆ ಇದು ಆಗಬೇಕು. ಕಲಬುರಗಿ, ಬೀದರ್ ಕಡೆ ಯಾರಾದರೂ ಹೀಗೆ ಮಾಡಿದ್ದರೆ ತಿಳಿಸಿ, ಬಂದು ನೋಡುತ್ತೇನೆ.