ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಅವರ ನಿಜವಾದ ಕೊಡುಗೆ ಯಾವುದು?

ಪ್ರಶ್ನೆ

ಹಿಪ್-ಹಾಪ್ ಸಂಗೀತದ ಆರಂಭದ ದಿನಗಳ ಬಗ್ಗೆ ಓದುತ್ತಿದ್ದೇನೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ 1520, ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ತಮ್ಮ ಸೋದರಿ ಸಿಂಡಿ ಏರ್ಪಡಿಸಿದ್ದ ಪಾರ್ಟಿಗೆ ಡಿಜೆ (ರೆಕಾರ್ಡ್ ಹಾಕಿ ಜನರನ್ನು ಕುಣಿಸುವವರು) ಕೂಲ್ ಹರ್ಕ್ ರೆಕಾರ್ಡ್ ಹಾಕಿದ್ದೇ ಈ ಸಂಗೀತದ ಹುಟ್ಟು ಎಂದು ಎಲ್ಲೆಡೆ ಬರೆಯುತ್ತಾರೆ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಇಟ್ಟುಕೊಂಡು ಡ್ರಮ್ಮಿನ ಭಾಗವನ್ನು ಮತ್ತೆ ಮತ್ತೆ ಕೇಳಿಸುವ ಉಪಾಯವೂ ಹರ್ಕ್ ಅವರದೇ ಎನ್ನುತ್ತಾರೆ. ಹಾಗಿದ್ದಲ್ಲಿ ಇನ್ನೊಬ್ಬ ಡಿಜೆ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಅವರಿಗೆ ಅಷ್ಟೇ ಎತ್ತರದ ಸ್ಥಾನ ಸಿಕ್ಕಿರುವುದು ಏಕೆ? 'ದಿ ಮೆಸೇಜ್' ಹಾಡಿನ ಖ್ಯಾತಿಯಿಂದಲೇ? ಆ ಹಾಡನ್ನು ಎಷ್ಟು ಗಮನವಿಟ್ಟು ಕೇಳಿದರೂ ಅದರಲ್ಲಿ ರೆಕಾರ್ಡ್ ತಿರುಗಿಸುವ ಯಂತ್ರವಾದ ಟರ್ನ್‌ಟೇಬಲ್ಲಿನ ಕೈಚಳಕ ನನಗೆ ಕೇಳಿಸಲಿಲ್ಲ. ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ಹರ್ಕ್ ಅವರಿಗೆ ಸಲ್ಲಬೇಕಾದ ಗೌರವದಲ್ಲಿ ಎಳ್ಳಷ್ಟೂ ಕಡಿಮೆಯಾಗಬಾರದು. ಜನ ಕುಣಿಯಲು ಕಾಯುತ್ತಿದ್ದುದು ಹಾಡಿಗಾಗಿ ಅಲ್ಲ, ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ ಮಾತ್ರ ಉಳಿಯುವ 'ಬ್ರೇಕ್'ಗಾಗಿ ಎಂಬುದನ್ನು ಕಂಡುಕೊಂಡವರು ಅವರು. ಆದರೆ ಒಂದು ಬ್ರೇಕಿನಿಂದ ಇನ್ನೊಂದಕ್ಕೆ ಹೋಗುವಾಗ ಸೂಜಿಯನ್ನು ಅಂದಾಜಿನ ಮೇಲೆ ಇಳಿಸುತ್ತಿದ್ದುದರಿಂದ ತಾಳ ಆಗಾಗ ತಪ್ಪುತ್ತಿತ್ತು. ಫ್ಲ್ಯಾಶ್ ಅವರ ಇಡೀ ಸಾಧನೆ ಆ ಒಂದು ಕ್ಷಣದ ತೊಡಕನ್ನು ಬಿಡಿಸುವುದರಲ್ಲಿದೆ.

ಜೋಸೆಫ್ ಸ್ಯಾಡ್ಲರ್ ಎಂಬುದು ಅವರ ಹೆಸರು; 1958ರ ಜನವರಿ 1ರಂದು ಬಾರ್ಬಡೋಸ್‌ನಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದವರು. ವೃತ್ತಿಶಿಕ್ಷಣದ ಶಾಲೆಯೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದರಿಂದ, ರೆಕಾರ್ಡ್ ಪ್ಲೇಯರನ್ನು ಬಿಚ್ಚಿ ನೋಡಬೇಕಾದ ಯಂತ್ರವೆಂದೇ ಭಾವಿಸಿದ್ದರು. ಮುಂದಿನ ರೆಕಾರ್ಡನ್ನು ಸಭೆಗೆ ಕೇಳಿಸುವ ಮೊದಲು ತಾವೊಬ್ಬರೇ ಹೆಡ್‌ಫೋನಿನಲ್ಲಿ ಕೇಳಿಕೊಳ್ಳಲು, ಎರಡು ರೆಕಾರ್ಡುಗಳ ಧ್ವನಿಯನ್ನು ಬೆರೆಸುವ ಮಿಕ್ಸರಿಗೆ ತಾವೇ ಒಂದು ಸ್ವಿಚ್ ಜೋಡಿಸಿಕೊಂಡರು. ಕೈಯಿಂದ ರೆಕಾರ್ಡನ್ನು ತಡೆದು ಹಿಡಿದಾಗಲೂ ಕೆಳಗಿನ ತಟ್ಟೆ ತಿರುಗುತ್ತಲೇ ಇರಬೇಕಿತ್ತು. ಅದಕ್ಕಾಗಿ ಫೆಲ್ಟ್ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿ ಗಟ್ಟಿಗೊಳಿಸಿ, ರೆಕಾರ್ಡಿನ ಅಡಿಗೆ ಹಾಸಿದರು.

ಇದಕ್ಕಿಂತ ಮುಖ್ಯವಾದುದು, ರೆಕಾರ್ಡಿನ ಮೇಲೆಯೇ ಕ್ರೇಯಾನಿನಿಂದ ಗುರುತು ಹಾಕಿಕೊಳ್ಳುವ ಅವರ ಪದ್ಧತಿ. ನಿಮಿಷಕ್ಕೆ 33⅓ ಸುತ್ತು ತಿರುಗುವ ರೆಕಾರ್ಡಿಗೆ ಒಂದು ಸುತ್ತಿಗೆ 1.8 ಸೆಕೆಂಡು ಬೇಕು; ಹನ್ನೊಂದು ಸೆಕೆಂಡಿನ ಬ್ರೇಕ್ ಎಂದರೆ ಹೆಚ್ಚುಕಡಿಮೆ ಆರು ಸುತ್ತು. ಬ್ರೇಕ್ ಮುಗಿದೊಡನೆ ಆ ಗುರುತನ್ನು ನೋಡಿಕೊಂಡು ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರೆ ಸೂಜಿಯನ್ನು ಎತ್ತದೆಯೇ ಸರಿಯಾಗಿ ಮೊದಲ ಪೆಟ್ಟಿಗೆ ಬಂದು ನಿಲ್ಲಬಹುದು, ಅಷ್ಟರಲ್ಲಿ ಪಕ್ಕದ ಟರ್ನ್‌ಟೇಬಲ್ ಅದೇ ಬ್ರೇಕನ್ನು ನುಡಿಸುತ್ತಿರುತ್ತದೆ. ಕೆಲವೇ ಸೆಕೆಂಡಿನ ಡ್ರಮ್ಮನ್ನು ತಾಳ ಕೆಡದಂತೆ ಬೇಕಾದಷ್ಟು ಹೊತ್ತು ಹಿಗ್ಗಿಸಲು ಸಾಧ್ಯವಾದದ್ದು ಹೀಗೆ. ಆ ಕಾಲಕ್ಕೆ ರೆಕಾರ್ಡಿನ ಮೈಯನ್ನು ಬೆರಳಿನಿಂದ ಮುಟ್ಟುವುದೇ ಮಹಾಪರಾಧವಾಗಿತ್ತು ಎಂಬುದನ್ನು ನೆನೆದರೆ, ಇದು ಎಂಥ ದಿಟ್ಟತನವೆಂದು ತಿಳಿದೀತು.

ಉತ್ತರ 2

'ದಿ ಮೆಸೇಜ್' ಬಗ್ಗೆ ನಿಮ್ಮ ಕಿವಿ ಸರಿಯಾಗಿಯೇ ಗ್ರಹಿಸಿದೆ. 1982ರಲ್ಲಿ ಷುಗರ್ ಹಿಲ್ ರೆಕಾರ್ಡ್ಸ್ ಹೊರತಂದ ಆ ಹಾಡಿನ ರ‍್ಯಾಪ್ ಮುಖ್ಯವಾಗಿ ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿ ಅವರದು. ಡ್ಯೂಕ್ ಬೂಟಿ ಕಂಪನಿಯ ಸ್ಟುಡಿಯೊ ಸಂಗೀತಗಾರರೇ ಹೊರತು ಫ್ಲ್ಯಾಶ್ ಅವರ ತಂಡದವರಲ್ಲ. ಫ್ಲ್ಯಾಶ್ ಅವರ ಟರ್ನ್‌ಟೇಬಲ್ ಅದರಲ್ಲಿ ಇಲ್ಲ. ತಂಡದ ಹೆಸರು 'ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದಿ ಫ್ಯೂರಿಯಸ್ ಫೈವ್' ಎಂದಿದ್ದುದರಿಂದ ಅವರ ಹೆಸರೂ ಅದಕ್ಕೆ ಅಂಟಿಕೊಂಡಿತು. ಬೀದಿ ಪಾರ್ಟಿಗಳಲ್ಲಿ ಡಿಜೆಯೇ ಯಜಮಾನ, ಮೈಕ್ ಹಿಡಿದವರು ಅವನ ಜೊತೆಗಾರರು. ರೆಕಾರ್ಡ್ ಕಂಪನಿಗಳು ಬಂದ ಮೇಲೆ ಸ್ಟುಡಿಯೊದಲ್ಲಿ ಹಿನ್ನೆಲೆ ಸಂಗೀತವನ್ನು ವಾದ್ಯದವರೇ ನುಡಿಸತೊಡಗಿದರು, ಡಿಜೆಗೆ ಕೆಲಸವೇ ಇಲ್ಲದಂತಾಯಿತು. ಈ ಕಲೆಯನ್ನು ಕಟ್ಟಿದವರಿಗೆ ಆದ ಅನ್ಯಾಯಗಳಲ್ಲಿ ಇದೇ ದೊಡ್ಡದೆಂದು ನಾನು ತಿಳಿದಿದ್ದೇನೆ. 1983ರಲ್ಲಿ ಫ್ಲ್ಯಾಶ್ ತಮಗೆ ಬರಬೇಕಾದ ರಾಯಲ್ಟಿಗಾಗಿ ಕಂಪನಿಯ ಮೇಲೆ ದಾವೆ ಹೂಡಿ, ಅನಂತರ ಎಲೆಕ್ಟ್ರಾ ಕಂಪನಿಯನ್ನು ಸೇರಿದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅವರ ಕೈಕೆಲಸವನ್ನೇ ಕೇಳಬೇಕಾದರೆ ಯಾವುದನ್ನು ಕೇಳಬೇಕು? ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ಕೆರೆದಂಥ ಸದ್ದು ಹೊರಡಿಸುವ 'ಸ್ಕ್ರ್ಯಾಚ್' ಕೂಡ ಅವರದೇ ಆವಿಷ್ಕಾರವೇ?

ಉತ್ತರ 3

ಸ್ಕ್ರ್ಯಾಚನ್ನು ಮೊದಲು ಕಂಡುಕೊಂಡ ಶ್ರೇಯಸ್ಸು ಸಾಮಾನ್ಯವಾಗಿ ಸಲ್ಲುವುದು ಗ್ರಾಂಡ್ ವಿಜಾರ್ಡ್ ಥಿಯೋಡೋರ್ ಅವರಿಗೆ. ಅವರು ಫ್ಲ್ಯಾಶ್ ಅವರ ಬಳಿ ಪಳಗಿದ ಹುಡುಗ. ಫ್ಲ್ಯಾಶ್ ಅದನ್ನು ಬೆಳೆಸಿ ಹೆಚ್ಚು ಜನರಿಗೆ ಮುಟ್ಟಿಸಿದರು.

ಕೇಳಬೇಕಾದದ್ದು 1981ರ 'ದಿ ಅಡ್ವೆಂಚರ್ಸ್ ಆಫ್ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಆನ್ ದಿ ವೀಲ್ಸ್ ಆಫ್ ಸ್ಟೀಲ್'. ಸುಮಾರು ಏಳು ನಿಮಿಷದ ಈ ಧ್ವನಿಮುದ್ರಿಕೆಯನ್ನು ಮೊದಲೇ ಬಂದಿದ್ದ ರೆಕಾರ್ಡುಗಳಿಂದಲೇ ಟರ್ನ್‌ಟೇಬಲ್ಲುಗಳ ಮೇಲೆ ಹೆಣೆಯಲಾಗಿದೆ. ಷಿಕ್ ತಂಡದ 'ಗುಡ್ ಟೈಮ್ಸ್'ನ ಬೇಸ್ ಗಿಟಾರ್ ನಡೆ ಕ್ವೀನ್ ತಂಡದ 'ಅನದರ್ ಒನ್ ಬೈಟ್ಸ್ ದಿ ಡಸ್ಟ್'ನ ನಡೆಯೊಂದಿಗೆ ಬಂದು ಕೂಡುವ ಜಾಗವನ್ನು ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೇಳಿ; ಎರಡರ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಬ್ಲಾಂಡಿ ತಂಡದ 'ರ‍್ಯಾಪ್ಚರ್' ಹಾಡಿನಲ್ಲಿ ಫ್ಲ್ಯಾಶ್ ಅವರನ್ನೇ ಹೊಗಳುವ ಮಾತೊಂದಿದೆ, ಅದನ್ನೂ ಕತ್ತರಿಸಿ ಇದರೊಳಕ್ಕೆ ಸೇರಿಸಿದ್ದಾರೆ. 2007ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಹಿಪ್-ಹಾಪ್ ತಂಡ ಅವರದಾಯಿತು. 2019ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿಯೂ ಅವರಿಗೆ ಬಂತು. ನೀವು ಮೊದಲು 'ಗುಡ್ ಟೈಮ್ಸ್' ಮೂಲ ಹಾಡನ್ನು ಒಮ್ಮೆ ಕೇಳಿ, ಆಮೇಲೆ ಇದನ್ನು ಕೇಳಿದರೆ, ಅವರು ಎಲ್ಲೆಲ್ಲಿ ಕತ್ತರಿಸಿ ಹಿಂದಕ್ಕೆ ಹೋಗುತ್ತಾರೆಂಬುದು ತಾನಾಗಿಯೇ ಗೊತ್ತಾಗುತ್ತದೆ.