ಮೊಟ್ಟೆಯನ್ನೂ ತಿನ್ನದ ಅಮ್ಮನಿಗೆ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಏನು ತರಿಸಲಿ?

ಮಳೆಬಿಲ್ಲು:
ಮುಂದಿನ ವಾರ ಅಮ್ಮನ ಹುಟ್ಟುಹಬ್ಬ. ತಂಗಿ ಹಟ ಹಿಡಿದು ಒಂದು ಭಾರೀ ಸ್ಟೈಲಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಟೇಬಲ್ ಬುಕ್ ಮಾಡಿದ್ದಾಳೆ. ಮಂದ ಬೆಳಕು, ತೆರೆದ ಅಡುಗೆಮನೆ, ದೊಡ್ಡ ತಟ್ಟೆಯ ನಡುವೆ ಮೂರೇ ಮೂರು ರವಿಯೋಲಿ (ಹೂರಣ ತುಂಬಿದ ಪಾಸ್ತಾ), ಆ ಥರದ ಜಾಗ. ಅಮ್ಮ ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟಲ್ಲ. ಮೆನುವಿನಲ್ಲಿ ಆಂಟಿಪಾಸ್ತಿ (ಶುರುವಿನ ತಿನಿಸು), ಪ್ರಿಮಿ (ಪಾಸ್ತಾ, ರಿಸೊಟ್ಟೊ), ಸೆಕೊಂಡಿ (ಮಾಂಸ, ಮೀನಿನ ಮುಖ್ಯ ತಿನಿಸು) ಅಂತೆಲ್ಲ ಇದೆ. ಎಲ್ಲದರಲ್ಲೂ ಒಂದೊಂದು ತರಿಸಲೇಬೇಕಾ? "ಪಾಸ್ತಾ ತಾನೆ, ಎಲ್ಲಾ ವೆಜ್ಜೇ" ಅಂತಾಳೆ ತಂಗಿ. ನನಗೆ ಧೈರ್ಯ ಸಾಲುತ್ತಿಲ್ಲ.

ಉಪ್ಪುಖಾರ:
ತರಿಸಲೇಬೇಕು ಅಂತೇನಿಲ್ಲ. ಒಂದು ಆಂಟಿಪಾಸ್ತಿ ಹಂಚಿಕೊಂಡು, ಆಮೇಲೆ ತಲಾ ಒಂದು ಪಾಸ್ತಾ ಸಾಕು. ರಿಸೊಟ್ಟೊ ತರಿಸಿ, ಅದಂತೂ ಬರೀ ಅಕ್ಕಿ.

ಒಲೆಮುಂದೆ:
ಇಂಥದ್ದೇ ಅಡುಗೆಮನೆಯಲ್ಲಿ ಕೆಲಸ ಮಾಡಿದವನು ನಾನು. ರಿಸೊಟ್ಟೊ ಬರೀ ಅಕ್ಕಿ ಅಲ್ಲ ಸ್ವಾಮಿ! ಸಾಮಾನ್ಯವಾಗಿ ಅದನ್ನು ಬೇಯಿಸೋದು ಕೋಳಿ ಅಥವಾ ಮಾಂಸದ ಸಾರಿನಲ್ಲಿ. ಕೇಸರಿ ಹಾಕಿದ ಮಿಲಾನೀಸ್ ರಿಸೊಟ್ಟೊಗೆ ಮೂಳೆಯ ಮಜ್ಜೆಯೂ ಬೀಳುತ್ತೆ. ತರಕಾರಿ ಸಾರಿನಲ್ಲಿ ಮಾಡಿ ಅಂತ ಕೇಳಬಹುದು, ಆದರೆ ಮುಂಚೆಯೇ ಫೋನ್ ಮಾಡಿ ಹೇಳಿ. ಸಾರು ಬೆಳಿಗ್ಗೆಯೇ ಕಾಯ್ದಿರುತ್ತೆ, ಟೇಬಲ್ಲಿಗೆ ಬಂದು ಕೂತಮೇಲೆ ಹೇಳಿದರೆ ಪ್ರಯೋಜನ ಕಡಿಮೆ.

ತಾಲಿಯಾತೆಲ್ಲೆ, ಪಪ್ಪಾರ್ದೆಲ್ಲೆ, ರವಿಯೋಲಿಯಂಥ ತಾಜಾ ಪಾಸ್ತಾದ ಹಿಟ್ಟನ್ನು ಮೊಟ್ಟೆ ಹಾಕಿಯೇ ಕಲಸುವುದು ಹೆಚ್ಚು. ಒಣ ಸ್ಪಾಗೆಟ್ಟಿ, ದಕ್ಷಿಣ ಇಟಲಿಯ ಪುಲ್ಯಾ ಕಡೆಯ ಒರೆಕ್ಯೆತ್ತೆ ಪಾಸ್ತಾ ಆದರೆ ಗೋಧಿ ರವೆ ಮತ್ತು ನೀರು, ಅಷ್ಟೇ.

ದೊಡ್ಡ ತಲೆನೋವು ಚೀಸು. ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಹೆಪ್ಪುಗಟ್ಟಿಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಕಿಣ್ವದಿಂದ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಇಟಲಿಯ ಮೊಡೆನಾ ಊರಿನ ಶೆಫ್ ಮಾಸ್ಸಿಮೊ ಬೊಟ್ಟುರಾ ಪಾರ್ಮಿಜಾನೊ ಒಂದನ್ನೇ ಐದು ವಯಸ್ಸಿನದು, ಐದು ರೂಪದಲ್ಲಿ ಬಡಿಸಿ ಹೆಸರು ಮಾಡಿದರು. ಕಣ್ಣಿಗೆ ಅಪ್ಪಟ ಸಸ್ಯಾಹಾರ, ಆದರೆ ನಿಮ್ಮ ಅಮ್ಮ ತಿನ್ನುವಂಥದ್ದಲ್ಲ. ಬೇಸಿಲ್ ಸೊಪ್ಪಿನ ಚಟ್ನಿಯಂಥ ಪೆಸ್ಟೊದಲ್ಲೂ ಇಂಥದೇ ಚೀಸುಗಳು ಇರುತ್ತವೆ.

ಮಳೆಬಿಲ್ಲು:
ಅಯ್ಯೋ, ಇನ್ನು ಉಳಿದಿದ್ದೇನು?

ಒಲೆಮುಂದೆ:
ಬೇಕಾದಷ್ಟಿದೆ. ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಹಾಕಿದ ಬ್ರುಸ್ಕೆಟ್ಟಾ, ಸಿಸಿಲಿಯ ಹುಳಿ-ಸಿಹಿ ಬದನೆಕಾಯಿ ಕಪೊನಾತಾ, ಖಾರದ ಟೊಮೆಟೊ ಪಾಸ್ತಾ ಅರ್ರಬ್ಬಿಯಾತಾ (ಚೀಸಿಲ್ಲದೆ). ಬೆಳ್ಳುಳ್ಳಿ, ಎಣ್ಣೆ, ಮೆಣಸಿನಕಾಯಿಯ ಸ್ಪಾಗೆಟ್ಟಿ ಆಲ್ಯೊ ಎ ಒಲ್ಯೊ ನನ್ನ ಆಯ್ಕೆ. ಅಡುಗೆಯವನ ಕೈಗುಣ ಗೊತ್ತಾಗೋದೇ ಅದರಲ್ಲಿ, ಚಿನ್ನದ ರೇಕು ಮೆತ್ತಿದ ತಟ್ಟೆಯಲ್ಲಲ್ಲ. ಪುಟ್ಟಾನೆಸ್ಕಾ ಪಾಸ್ತಾ ಬೇಡ, ಮೀನಿರುತ್ತೆ. ಸಿಹಿಗೆ ತಿರಾಮಿಸು ಬೇಡ, ಮೊಟ್ಟೆ. ಕೆನೆಯ ಸಿಹಿ ಪನ್ನಾ ಕೋಟಾಗೆ ಜೆಲಟಿನ್, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರೋದು. ನಿಂಬೆಯ ಸೊರ್ಬೆಟ್ಟೊ (ಹಾಲಿಲ್ಲದ ಹಣ್ಣಿನ ಐಸು) ಕೇಳಿ, ಮೊಟ್ಟೆಯ ಬಿಳಿ ಹಾಕಿಲ್ಲ ತಾನೇ ಅಂತ ವಿಚಾರಿಸಿಯೇ.

ಉಪ್ಪುಖಾರ:
ರಿಸೊಟ್ಟೊ ವಿಷಯ ನನಗೂ ಗೊತ್ತಿರಲಿಲ್ಲ ಅಣ್ಣ.

ಮಳೆಬಿಲ್ಲು:
ಈಗಲೇ ಫೋನ್ ಮಾಡ್ತೀನಿ. ಇನ್ನೊಂದು, ಅಮ್ಮನಿಗೆ ಹಲ್ಲು ಸರಿಯಿಲ್ಲ. ಅಲ್ಲಿ ಪಾಸ್ತಾ ಗಟ್ಟಿಯಾಗಿಯೇ ಕೊಡ್ತಾರಂತೆ?

ಒಲೆಮುಂದೆ:
ಎರಡು ನಿಮಿಷ ಹೆಚ್ಚಿಗೆ ಬೇಯಿಸಿ ಅನ್ನಿ. ಒಳಗೆ ಯಾರಾದರೂ ಮುಖ ಗಂಟಿಕ್ಕಬಹುದು, ಆದರೆ ಬೇಯಿಸಿಕೊಡ್ತಾರೆ.